ಅವಳು ಬರೆಯದ ಸಾಲು

ಆ ಸಾಲು ಅಲ್ಲಿತ್ತು ಎಂದು ನಾನು ಎಲ್ಲಿ ಬೇಕಾದರೂ ಆಣೆ ಮಾಡಲು ಸಿದ್ಧನಿದ್ದೆ. ಪ್ರಿನ್ಸಿಪಾಲರ ಮೇಜು ಕುಟ್ಟಿ ಹೇಳಿದ್ದೂ ಉಂಟು. ಈಗಲೂ ಕಣ್ಣು ಮುಚ್ಚಿದರೆ ಆ ಉತ್ತರ ಪತ್ರಿಕೆ ಎದುರಿಗೆ ಬರುತ್ತದೆ. ನೀಲಿ ಶಾಯಿ, ಎಡಕ್ಕೆ ವಾಲಿದ ಅಕ್ಷರ, ಪುಟದ ಕೆಳಗೆ ಒಂಟಿಯಾಗಿ ನಿಂತ ಕೊನೆಯ ಸಾಲು. ಕಣ್ಣಿಗೆ ಕಂಡದ್ದನ್ನೆಲ್ಲ ನಂಬಬಾರದು, ನೆನಪನ್ನಂತೂ ಮೊದಲೇ ನಂಬಬಾರದು ಎಂದು ವಿಶ್ವವಿದ್ಯಾನಿಲಯದಲ್ಲಿ ಕಲಿತು ಬಂದವನು ನಾನು. ಊಟದ ಹೊತ್ತಿನಲ್ಲಿ, ಮದುವೆ ಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ ಎಲ್ಲರ ಮಾತಿಗೂ ‘ಅದು ಹೇಗೆ ಗೊತ್ತು?’ ಎಂದು ಅಡ್ಡಗಾಲು ಹಾಕಿ ಬೈಸಿಕೊಳ್ಳುವವನು. ಆ ಒಂದು ಮಧ್ಯಾಹ್ನ ಮಾತ್ರ ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳಲಿಲ್ಲ.

ಈ ಕಥೆಯನ್ನು ಹಲವರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಏನಾದರೊಂದು ಬದಲಾಗುತ್ತದೆ. ಒಮ್ಮೆ ಪರೀಕ್ಷಕರ ಅಂಗಿ ಬಿಳಿ, ಇನ್ನೊಮ್ಮೆ ಗೀರು ಗೀರಿನದು. ಬದಲಾಗದೆ ಉಳಿದಿರುವುದು ಸಿಟ್ಟು ಒಂದೇ. ಆದ್ದರಿಂದ ಸಿಟ್ಟಿನ ಜಾಡು ಹಿಡಿದೇ ಬರೆಯುತ್ತಿದ್ದೇನೆ.

ನಾನು ತಿಪಟೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತೇನೆ. ಮಕ್ಕಳು ತುರುವೇಕೆರೆಯಿಂದ, ಚಿಕ್ಕನಾಯಕನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಾರೆ, ಅಮ್ಮಸಂದ್ರದ ಕಡೆಯವರು ರೈಲಿನಲ್ಲಿ. ಎರಡನೇ ವರ್ಷದಲ್ಲಿ ಲಿಂಕ್ಡ್ ಲಿಸ್ಟ್ ಎಂಬ ಪಾಠ ಬರುತ್ತದೆ, ಅರ್ಧ ತರಗತಿ ಅಲ್ಲಿ ಮುಳುಗುತ್ತದೆ. ಮುಳುಗುವಷ್ಟು ಆಳ ಅಲ್ಲಿಲ್ಲ. ನೋಡ್ ಎಂದರೆ ಒಂದು ಡಬ್ಬಿ. ಅದರೊಳಗೆ ಒಂದು ಸಂಖ್ಯೆ, ಅದರ ಪಕ್ಕದಲ್ಲಿ ಮುಂದಿನ ಡಬ್ಬಿ ಎಲ್ಲಿದೆ ಎನ್ನುವ ವಿಳಾಸ. ಕೊನೆಯ ಡಬ್ಬಿಯಲ್ಲಿ ವಿಳಾಸದ ಜಾಗಕ್ಕೆ ‘ನಲ್’ ಎಂದು ಹಾಕಿರುತ್ತೇವೆ. ಮುಂದೆ ಯಾರೂ ಇಲ್ಲ, ಇಲ್ಲೇ ನಿಲ್ಲು ಎಂದು ಅದರ ಅರ್ಥ. ಡಬ್ಬಿಗಳ ಕ್ರಮ ಬದಲಾಯಿಸಬೇಕಾದರೆ ಒಳಗಿನ ಸಂಖ್ಯೆಯನ್ನು ಮುಟ್ಟಬೇಕಾಗಿಲ್ಲ, ವಿಳಾಸಗಳನ್ನು ತಿದ್ದಿದರೆ ಸಾಕು. ಬೆಸ ಸಂಖ್ಯೆಯ ಡಬ್ಬಿಗಳೆಲ್ಲ ಮೊದಲು, ಸಮ ಸಂಖ್ಯೆಯವು ಆಮೇಲೆ ಬರುವಂತೆ ಜೋಡಿಸಿ, ಹೊಸ ಡಬ್ಬಿ ಮಾಡಬೇಡಿ, ಸಂಖ್ಯೆಗಳನ್ನು ನಕಲು ಮಾಡಬೇಡಿ, ಎನ್ನುವುದು ಪ್ರತಿವರ್ಷ ನಾನು ಕೊಡುವ ಲೆಕ್ಕ.

ಪ್ರತಿವರ್ಷ ಇವರು ಮಾಡುವ ತಪ್ಪೂ ಒಂದೇ. ಎಲ್ಲ ಸಂಖ್ಯೆಗಳನ್ನೂ ಹೊರಗೆ ಸುರಿದುಕೊಳ್ಳುತ್ತಾರೆ, ಬೆಸದ್ದೊಂದು ಗುಡ್ಡೆ, ಸಮದ್ದೊಂದು ಗುಡ್ಡೆ ಮಾಡುತ್ತಾರೆ, ಹಳೆಯ ಡಬ್ಬಿಗಳಿಗೆ ವಾಪಸು ತುಂಬುತ್ತಾರೆ. ಪರದೆಯ ಮೇಲೆ ಉತ್ತರ ಸರಿಯಾಗಿಯೇ ಬರುತ್ತದೆ. ಬೇರೆ ಊರಿನಲ್ಲೂ ಸ್ವಲ್ಪ ದಿನ ಪಾಠ ಮಾಡಿದ್ದೇನೆ, ಅಲ್ಲಿನ ಮಕ್ಕಳು ಬೇರೆ ಬೇರೆ ತಪ್ಪು ಮಾಡುತ್ತಿದ್ದರು. ಇಲ್ಲಿನವರು ಮಾತ್ರ ಮಾತಾಡಿಕೊಂಡವರ ಹಾಗೆ ಇದೊಂದನ್ನೇ ಮಾಡುತ್ತಾರೆ. ತೆಂಗಿನಕಾಯಿ ಕೆಡವಿದ ದಿನ ಮನೆ ಮುಂದೆ ಇವರು ನೋಡಿಕೊಂಡು ಬೆಳೆದದ್ದು ಇದನ್ನೇ. ದಪ್ಪದ್ದೆಲ್ಲ ಒಂದು ಗುಡ್ಡೆ, ಸಣ್ಣದ್ದೆಲ್ಲ ಒಂದು ಗುಡ್ಡೆ, ಒಣಗಿ ಕೊಬ್ಬರಿಯಾಗುವುದಕ್ಕೆ ಅಟ್ಟ ಸೇರುವವು ಬೇರೆ. ಯಾವ ಕಾಯಿ ಯಾವ ಕಾಯಿಯ ಪಕ್ಕದಲ್ಲಿತ್ತು ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಅದಕ್ಕೇ ಒಂದು ವರ್ಷ ಸಿಪ್ಪೆ ಸಮೇತ ಕಾಯಿಗಳನ್ನು ಕಾರಿಡಾರಿಗೆ ತರಿಸಿದೆ. ಒಂದೊಂದು ಕಾಯಿಯ ಸಿಪ್ಪೆಯಿಂದ ಒಂದು ಎಳೆ ಎಬ್ಬಿಸಿ ಮುಂದಿನ ಕಾಯಿಗೆ ಕಟ್ಟಿ ಉದ್ದಕ್ಕೆ ಸಾಲು ಮಾಡಿದೆವು. ಸುಣ್ಣದಲ್ಲಿ ಕಾಯಿಗಳ ಮೇಲೆ ಸಂಖ್ಯೆ ಬರೆದೆ. ಅಟೆಂಡರ್ ಪೊರಕೆ ಹಿಡಿದುಕೊಂಡು ಬಂದು ನಿಂತ.

“ಏನ್ ಸಾ ಇದು, ಕಾಲೇಜ್‌ನ ಮಂಡಿ ಮಾಡ್ಬುಟ್ರಲ್ಲ. ಈ ನಾರೆಲ್ಲ ಯಾರು ಬಳಿಯೋರು?”

“ಪಾಠ ಕಣಪ್ಪ. ಆಮೇಲೆ ನಾನೇ ಬಳಿಸ್ತೀನಿ.”

“ಕಾಯಿ ಯಾರ್ ಮನೆಗೋ?”

“ನಿನ್ನ ಮನೆಗೇ ತಗೊಂಡೋಗು.”

“ಹಂಗಾದ್ರೆ ದಿನಾ ಮಾಡಿ ಸಾ ಪಾಠವ.”

ಹುಡುಗರು ಬಿದ್ದು ಬಿದ್ದು ನಕ್ಕರು. ಹಿಂದಿನ ಸಾಲಿನ ಒಬ್ಬ ಕೈಯೆತ್ತಿದ. “ಸಾರ್, ಇಷ್ಟೊಂದು ಸರ್ಕಸ್ ಯಾಕೆ? ಎಲ್ಲ ಬಿಚ್ಚಾಕಿ ಎರಡು ಗುಡ್ಡೆ ಮಾಡಿ ಮತ್ತೆ ಕಟ್ಟುದ್ರಾಯ್ತಪ್ಪ.”

“ಕತ್ತಲೆ ಅಟ್ಟದ ಮೇಲಿದ್ದೀಯ ಅಂತ ತಿಳ್ಕೊ. ಕಣ್ಣು ಕಾಣಲ್ಲ. ಕೈಯಲ್ಲಿರೋ ಈ ಎಳೆ ಬಿಟ್ರೆ ಮುಂದಿನ ಕಾಯಿ ಎಲ್ಲಿದೆ ಅಂತ ನಿಂಗೆ ಗೊತ್ತಾಗಲ್ಲ. ಬಿಚ್ಚಾಕಿದ್ರೆ ಕಳೆದೇ ಹೋಯ್ತು.”

“ಲೈಟ್ ಹಾಕ್ಕೊಂಡೋಗೋದಲ್ವಾ ಸಾರ್?”

“ಲೇ, ಸುಮ್ನಿರ್ಲಾ,” ಎಂದು ಪಕ್ಕದವನು ಅವನ ತಲೆಗೆ ಮೊಟಕಿದ.

ಗಲಾಟೆಯ ನಡುವೆ ಒಂದು ವಿಷಯ ಮಾತ್ರ ತಲೆಗೆ ಹೋಗುವಂತೆ ತೋರಿಸಿದ್ದೆ. ಕಾಯಿಯನ್ನು ಹೊಸ ಜಾಗಕ್ಕೆ ಸೇರಿಸಿದರೂ ಅದರ ಹಳೆಯ ಎಳೆ ಹಳೆಯ ಪಕ್ಕದವನಿಗೇ ಅಂಟಿಕೊಂಡಿರುತ್ತದೆ. ಕೊನೆಯ ಕಾಯಿಯ ಎಳೆಯನ್ನು ಕತ್ತರಿಸದೆ ಬಿಟ್ಟರೆ ಅದು ಹಿಂದಿನ ಯಾವುದೋ ಕಾಯಿಗೆ ಕರೆದುಕೊಂಡು ಹೋಗುತ್ತದೆ, ಕತ್ತಲಲ್ಲಿ ಎಳೆ ಹಿಡಿದು ನಡೆದವನು ಸುತ್ತಿದ್ದನ್ನೇ ಸುತ್ತುತ್ತಿರುತ್ತಾನೆ. ‘ಕೊನೇದಕ್ಕೆ ನಲ್ ಹಾಕ್ರಪ್ಪ’ ಎಂದು ಎಷ್ಟು ಸಲ ಕೂಗಿದ್ದೆನೋ, ಕ್ಯಾಂಟೀನಿನಲ್ಲಿ ಹುಡುಗರು ನನ್ನ ದನಿಯಲ್ಲೇ ಅದನ್ನು ಅಣಕಿಸುತ್ತಿದ್ದರು. ಬಸ್ಸಿನ ಕೊನೆಯ ಸೀಟಿಗೆ ಯಾರಾದರೂ ಹೋಗಿ ಕೂತರೂ ‘ಕೊನೇದಕ್ಕೆ ನಲ್!’ ಎಂದು ಕೂಗುತ್ತಿದ್ದರಂತೆ.

ಆ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರು ಬೇರೆ ಊರಿನ ಕಾಲೇಜಿನವರು, ನನಗಿಂತ ಹಿರಿಯರು. ಚಿಕ್ಕನಾಯಕನಹಳ್ಳಿ ಹತ್ತಿರ ಅವರ ತೋಟ. ಅವತ್ತೇ ತೋಟದಲ್ಲಿ ಕಾಯಿ ಕೆಡವಿಸುತ್ತಿದ್ದರು. ಬೆಳಗ್ಗೆಯಿಂದ ಫೋನು ಕಿವಿಯಿಂದ ಇಳಿಯಲಿಲ್ಲ. “ದಪ್ಪದ್ದ ಬೇರೆ ಹಾಕ್ಸು, ನಾನ್ ಬರೋಗಂಟ ಲೋಡ್ ಮಾಡುಸ್ಬ್ಯಾಡ,” ಎನ್ನುತ್ತಲೇ ಒಬ್ಬೊಬ್ಬರ ಉತ್ತರಕ್ಕೆ ಅಂಕ ಹಾಕುತ್ತಿದ್ದರು. ಒಳಗಿನ ಪರೀಕ್ಷಕ ನಾನು.

ಪ್ರಾಕ್ಟಿಕಲ್ ಪರೀಕ್ಷೆಯ ಕ್ರಮ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಚೀಟಿ ಎತ್ತಿದಾಗ ಬಂದ ಪ್ರೋಗ್ರಾಮನ್ನು ಮೊದಲು ಹಾಳೆಯ ಮೇಲೆ ಬರೆದು ಪರೀಕ್ಷಕರಿಗೆ ತೋರಿಸಬೇಕು. ಅವರು ಹೂಂ ಎಂದರೆ ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಬೇಕು. ಬರಲಿಲ್ಲವೆಂದರೆ ‘ಚೇಂಜ್’ ಕೇಳಬಹುದು. ಅಂಕ ಕಳೆದುಕೊಂಡು ಬೇರೆ ಪ್ರಶ್ನೆ ತೆಗೆದುಕೊಳ್ಳುವುದಕ್ಕೆ ಆ ಹೆಸರು. ಓಡಿಸದೆ ಹೋದರೆ ಪಾಸಿಲ್ಲ. ಪಾಸಾಗದಿದ್ದರೆ ಆ ಲ್ಯಾಬು ಮತ್ತೆ ಬರುವುದು ಮುಂದಿನ ವರ್ಷ.

ನನ್ನ ಬೆಸ-ಸಮದ ಲೆಕ್ಕ ಆ ಬ್ಯಾಚಿನಲ್ಲಿ ಐದು ಮಂದಿಗೆ ಬಂದಿತ್ತು. ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಗುಡ್ಡೆ ಹಾಕಿದ್ದರು. ಪರೀಕ್ಷಕರು ಪರದೆಯತ್ತ ಒಂದು ಸಲ ಕಣ್ಣು ಹಾಯಿಸಿ, “ಬಂತಲ್ಲ, ಆಯ್ತು ಹೋಗು,” ಎಂದು ಪೂರ್ತಿ ಅಂಕ ಹಾಕಿದರು. ನಕಲು ಮಾಡಬಾರದು ಎಂದು ಪ್ರಶ್ನೆಯಲ್ಲೇ ಅಚ್ಚಾಗಿತ್ತು. ನನಗೆ ಮೈ ಉರಿಯಿತು. ಬಾಯಿ ಬಿಟ್ಟರೆ ಫೇಲಾಗುವವರು ನನ್ನದೇ ಮಕ್ಕಳು, ಆದ್ದರಿಂದ ಉರಿಯನ್ನು ನುಂಗಿಕೊಂಡು ಸುಮ್ಮನಿದ್ದೆ. ನುಂಗಿದ ಸಿಟ್ಟು ಎಲ್ಲೂ ಹೋಗುವುದಿಲ್ಲ, ಹೊರಗೆ ಬರಲು ದಾರಿ ಹುಡುಕುತ್ತಿರುತ್ತದೆ.

ಉಳಿದ ಆ ಒಬ್ಬಳು ಅಮ್ಮಸಂದ್ರದ ಕಡೆಯಿಂದ ರೈಲಿನಲ್ಲಿ ಬರುತ್ತಿದ್ದ ಹುಡುಗಿ. ತರಗತಿಯಲ್ಲಿ ಮಾತು ಕಡಿಮೆ, ಆದರೆ ಒಪ್ಪಿಗೆಯಾಗದ್ದಕ್ಕೆ ತಲೆಯಾಡಿಸುವವಳಲ್ಲ. ಅವಳು ಹಾಳೆಯ ಮೇಲೆ ಬರೆಯುತ್ತಿದ್ದಾಗ ನಾನು ಹಿಂದಿನಿಂದ ಹಾದುಹೋಗಿದ್ದೆ, ಕಣ್ಣು ಹಾಯಿಸಿದ್ದೆ. ವಿಳಾಸಗಳನ್ನೇ ತಿದ್ದಿ ಜೋಡಿಸುತ್ತಿದ್ದಳು, ಗುಡ್ಡೆ ಇರಲಿಲ್ಲ. ಒಬ್ಬಳಿಗಾದರೂ ಬಂತಲ್ಲ ಎಂದು ಹಿಗ್ಗಿ ಮುಂದೆ ಹೋದೆ. ಅಷ್ಟರಲ್ಲಿ ಮೂಲೆಯ ಒಂದು ಕಂಪ್ಯೂಟರ್ ಕೆಟ್ಟು ಕೂತಿತು, ನಾನು ಅದರ ವೈರುಗಳ ಜೊತೆ ಗುದ್ದಾಡುತ್ತಾ ಕೂತೆ.

ಎದ್ದು ಹೊರಗೆ ಬಂದಾಗ ಅವಳು ಕಾರಿಡಾರಿನ ಕಟ್ಟೆಯ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು.

“ಏನಮ್ಮ, ಆಯ್ತಾ?”

“ರನ್ ಮಾಡೋಕೇ ಬಿಡ್ಲಿಲ್ಲ ಸಾರ್. ಕೊನೇದಕ್ಕೆ ನಲ್ ಇಲ್ಲ ಅಂದ್ಬಿಟ್ಟು ಅಡ್ಡಗೆರೆ ಎಳೆದ್ರು. ಚೇಂಜ್ ತಗೊ ಅಂದ್ರು. ನಾನ್ ತಗೊಳ್ಳಲಿಲ್ಲ.”

“ನಲ್ ಇಲ್ವಾ?”

“ಅದೇ ಸಾರ್, ನಾನು…”

ಅವಳ ಮಾತು ಮುಗಿಯುವವರೆಗೆ ನಾನು ನಿಲ್ಲಲಿಲ್ಲ. ಆ ಸಾಲನ್ನು ನಾನೇ ನೋಡಿದ್ದೆನಲ್ಲ! ಆ ಕ್ಷಣ ಅದು ನನಗೆ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ಅರ್ಧವಿರಾಮ ಎಲ್ಲಿತ್ತೆಂದೂ ಹೇಳಬಲ್ಲವನಾಗಿದ್ದೆ. ಬೆಳಗ್ಗೆಯಿಂದ ಹುಡುಕುತ್ತಿದ್ದ ದಾರಿ ಸಿಟ್ಟಿಗೆ ಸಿಕ್ಕಿತ್ತು.

ಹೊತ್ತು ಮುಗಿಯುವ ಮೊದಲೇ ಪರೀಕ್ಷಕರು ಲ್ಯಾಬಿನಲ್ಲಿ ಉತ್ತರ ಪತ್ರಿಕೆಗಳ ಕವರಿಗೆ ಅರಗು ಹಾಕಿ ಮುದ್ರೆ ಒತ್ತುತ್ತಿದ್ದರು.

“ಆ ಹುಡುಗೀದು ಯಾಕೆ ರನ್ ಮಾಡಿಸ್ಲಿಲ್ಲ ಸಾರ್?”

“ಕೊನೇಗೆ ನಲ್ ಇಲ್ಲ ಕಣ್ರೀ. ಓಡ್ಸುದ್ರೆ ನಿಲ್ಲೋದೇ ಇಲ್ಲ. ನಂಗೆ ಚಿಕ್ಕನಾಯ್ಕನಹಳ್ಳಿ ಬಸ್ಸು ಹೋಯ್ತದೆ. ನೀವೊಂದ್ ಸೈನ್ ಹಾಕಿ.”

“ಇದೆ. ನಾನು ನೋಡಿದ್ದೀನಿ.”

“ಇಲ್ಲ ಕಣ್ರೀ, ನಾನೂ ಕಣ್ಬಿಟ್ಕೊಂಡೇ ನೋಡಿದ್ದೀನಿ.”

“ಫೋನ್ ನೋಡ್ತಿದ್ರಿ ನೀವು. ತೋಟದ ಕಾಯಿ ಲೆಕ್ಕ ಹಾಕ್ತಾ ಮಕ್ಕಳ ವರ್ಷ ಕಳೀತೀರಲ್ರೀ!”

ಅವರ ಮುಖ ಕೆಂಪಾಯಿತು. “ಮಾತು ನೆಟ್ಟಗಿರ್ಲಿ ಮೇಷ್ಟ್ರೇ. ನಂಗೂ ಮೂವತ್ತು ವರ್ಷದ ಸರ್ವೀಸ್ ಆಗದೆ.”

ನಾನು ಅಂಕಪಟ್ಟಿಗೆ ಸಹಿ ಹಾಕುವುದಿಲ್ಲ ಎಂದೆ. ಇಬ್ಬರ ಸಹಿಯಿಲ್ಲದೆ ಅದು ಹೋಗುವಂತಿಲ್ಲ. ಇಬ್ಬರೂ ಪ್ರಿನ್ಸಿಪಾಲರ ಕೋಣೆಗೆ ಹೋದೆವು.

ನಮ್ಮ ಪ್ರಿನ್ಸಿಪಾಲರು ಕಾಮರ್ಸ್‌ನವರು. ನಿವೃತ್ತಿ ಹತ್ತಿರವಿತ್ತು, ಏನೂ ಆಗದಿದ್ದರೆ ಸಾಕು ಎಂಬುದೇ ಅವರ ಆಡಳಿತ. ಇಬ್ಬರ ಕೂಗಾಟವನ್ನೂ ಕೇಳಿ ನನ್ನ ಕಡೆ ತಿರುಗಿದರು. “ನೋಡ್ರಿ ಮೇಷ್ಟ್ರೇ, ಮುದ್ರೆ ಒಡುದ್ರೆ ನಾನು ಯೂನಿವರ್ಸಿಟಿಗೆ ಬರ್ದು ಕೊಡ್ಬೇಕು. ಸುಮ್ನೆ ಅಲ್ಲ ಅದು. ಲೈನು ಇದ್ದುದ್ದ ನೀವು ಕಣ್ಣಾರೆ ಕಂಡಿದ್ದು ನಿಜ ತಾನೆ?”

“ನಿಜ.”

“ಖಂಡಿತ?”

ಆಗ ಮೇಜು ಕುಟ್ಟಿದೆ. “ಖಂಡಿತ ಸಾರ್. ಆ ಲೈನು ಇಲ್ದೇ ಇದ್ರೆ ನಾಳೆಯಿಂದ ನಾನು ಸಿ ಪಾಠ ಮಾಡಲ್ಲ.”

ಎಂದೆನೋ? ‘ಪಾಠ ಮಾಡಲ್ಲ’ ಎಂದೆನೋ, ‘ಕಾಲೇಜಿಗೇ ಬರಲ್ಲ’ ಎಂದೆನೋ ಈಗ ಗೊತ್ತಿಲ್ಲ. ಅಟೆಂಡರ್ ಇವತ್ತಿಗೂ ‘ಮೀಸೆ ಬೋಳಿಸ್ಕೊಳ್ತೀನಿ ಅಂದ್ರಿ’ ಎಂದು ಸಾಧಿಸುತ್ತಾನೆ. ನನಗೆ ಮೀಸೆಯೇ ಇಲ್ಲ.

ಮುದ್ರೆ ಒಡೆದರು. ಅರಗಿನ ಚೂರುಗಳು ಮೇಜಿನ ಗಾಜಿನ ಮೇಲೆ ಸಿಡಿದವು. ಪರೀಕ್ಷಕರು ಅವಳ ಹಾಳೆ ಹುಡುಕಿ ತೆಗೆದು ಮೇಜಿನ ಮೇಲಿಟ್ಟರು. ಅಡ್ಡಕ್ಕೆ ಎಳೆದ ಕೆಂಪು ಗೆರೆ, ಅದರಡಿ ನೀಲಿ ಅಕ್ಷರಗಳು. ಕೊನೆಯ ಸಾಲಿನತ್ತ ಬೆರಳು ಒಯ್ದೆ. ಬೆರಳು ಹೋದ ಕಡೆ ಖಾಲಿ ಹಾಳೆ. ಬೆಸದ ಕೊನೆಯ ಡಬ್ಬಿಗೆ ಸಮದ ಮೊದಲ ಡಬ್ಬಿಯನ್ನು ಸೇರಿಸುವ ಸಾಲಿತ್ತು, ಅಲ್ಲಿಗೆ ಮುಗಿದಿತ್ತು. ಸಮದ ಕೊನೆಗೆ ನಲ್ ಹಾಕುವ ಸಾಲು ಇರಲಿಲ್ಲ.

“ಎಲ್ಲದೆ? ತೋರ್ಸಿ,” ಎಂದರು ಪರೀಕ್ಷಕರು. ನಕ್ಕರು ಬೇರೆ. “ನಾಳೆಯಿಂದ ಆರಾಮಾಗಿರಿ ಮೇಷ್ಟ್ರೇ.”

ಆ ನಗೆ ಕೇಳಿ ಆದ ಅವಮಾನವನ್ನು ಬಣ್ಣಿಸುವುದಿಲ್ಲ. ಪ್ರಿನ್ಸಿಪಾಲರು, “ಹೋಗ್ಲಿ ಬುಡಿ, ಆಯ್ತಲ್ಲ, ಸೈನ್ ಹಾಕ್ಬುಡಿ,” ಎಂದು ಪೆನ್ನು ನೀಡಿದರು. ಸಹಿ ಹಾಕಿದ್ದರೆ ಅವಳ ವರ್ಷ ಅಲ್ಲಿಗೆ ಹೋಗುತ್ತಿತ್ತು. ನಾನು ಹಾಕುವವನೂ ಇದ್ದೆ. ಹಾಕದಂತೆ ಮಾಡಿದ್ದು ಬಾಗಿಲಿನ ಸದ್ದು.

ನಾನು ಒಳಗೆ ಕೂಗಾಡಿದ್ದು ಕಾರಿಡಾರಿನ ಉದ್ದಕ್ಕೂ ಕೇಳಿಸಿತ್ತು. ಅವಳು ಬಾಗಿಲು ತಳ್ಳಿಕೊಂಡು, ಬರಲಾ ಎಂದು ಕೇಳದೆ ಬಂದು ನಿಂತಳು.

“ಆ ಲೈನ್ ನಾನು ಬರ್ದೇ ಇಲ್ಲ ಸಾರ್. ಬೇಡ ಅದು.”

“ಬೇಡ್ವಂತೆ!” ಎಂದರು ಪರೀಕ್ಷಕರು. “ನೀವೇ ಹೇಳ್ಕೊಟ್ಟಿದ್ದೇನ್ರೀ ಇದ?”

“ಮೇಲ್ಗಡೆ ಓದಿ ಸಾರ್. ಒಂದೊಂದು ನೋಡ್ ಬಿಡಿಸಿದ ತಕ್ಷಣ ಅಲ್ಲೇ ಅದಕ್ಕೆ ನಲ್ ಹಾಕಿದ್ದೀನಿ. ಮುಂದಿನದ್ದರ ಅಡ್ರೆಸ್ ಮೊದಲೇ ಬೇರೆ ಕಡೆ ಇಟ್ಕೊಂಡಿದ್ದೀನಿ. ಯಾವ ನೋಡ್‌ಗೂ ಹಳೇ ಲಿಂಕೇ ಉಳಿಯಲ್ಲ. ಆಮೇಲೆ ಕೊನೇದಕ್ಕೆ ಇನ್ನೊಂದ್ಸಲ ಯಾಕೆ ಹಾಕ್ಬೇಕು?”

ಹಾಳೆಯ ಮೇಲ್ಭಾಗ ನೋಡಿದೆ. ನಲ್ ಇತ್ತು. ಮಧ್ಯಾಹ್ನ ನನ್ನ ಕಣ್ಣಿಗೆ ಬಿದ್ದದ್ದು ಅದೇ ಇರಬೇಕು. ಆಮೇಲೆ ನನ್ನ ತಲೆ ಅದನ್ನು ಮೇಲಿನಿಂದ ಕಿತ್ತು, ವರ್ಷವಿಡೀ ನಾನು ಕೂಗಿಕೊಂಡ ಜಾಗಕ್ಕೆ, ಪುಟದ ಕೊನೆಗೆ, ತಂದು ಕೂರಿಸಿತ್ತು. ಪರೀಕ್ಷಕರು ಕೊನೆಯನ್ನಷ್ಟೇ ನೋಡಿದ್ದರು. ಅವಳು ಬರೆದದ್ದನ್ನು ನಾವಿಬ್ಬರೂ ಓದಿಯೇ ಇರಲಿಲ್ಲ. ಓದದೇ ಇದ್ದವರಿಬ್ಬರು ಅರ್ಧ ಗಂಟೆಯಿಂದ ಗಂಟಲು ಹರಿದುಕೊಳ್ಳುತ್ತಿದ್ದೆವು.

ಈಗ ಬಂದ ಸಿಟ್ಟು ಬೇರೆಯದು, ತಣ್ಣಗಿನದು. “ಪರೀಕ್ಷೆಯ ಹೊತ್ತು ಇನ್ನೂ ಮುಗಿದಿಲ್ಲ. ರನ್ ಮಾಡಿಸಿ. ನಿಲ್ಲದೆ ಲೂಪಿಗೆ ಹೋದ್ರೆ ಸೈನ್ ಹಾಕ್ತೀನಿ,” ಎಂದೆ. ಪ್ರಿನ್ಸಿಪಾಲರು ಗಡಿಯಾರ ನೋಡಿ, ಮುದ್ರೆಯ ಚೂರು ನೋಡಿ, ಎದ್ದರು.

ಲ್ಯಾಬಿನಲ್ಲಿ ಅವಳು ಟೈಪ್ ಮಾಡುವಾಗ ಮೂವರೂ ಹಿಂದೆ ನಿಂತಿದ್ದೆವು. ಅವಳು ಹಾಳೆಯಲ್ಲಿದ್ದದ್ದನ್ನು ಬಿಟ್ಟು ಒಂದಕ್ಷರ ಹೆಚ್ಚು ಹೊಡೆಯದಂತೆ ಪರೀಕ್ಷಕರು ಬೆರಳಿಟ್ಟು ನೋಡುತ್ತಿದ್ದರು. ಸಂಖ್ಯೆಗಳನ್ನೂ ಅವರೇ ಕೊಟ್ಟರು. ಕೊನೆಯದು ಬೇಕೆಂದೇ ಬೆಸ ಸಂಖ್ಯೆ. ಹಳೆಯ ಎಳೆ ಉಳಿದಿದ್ದರೆ ಸುತ್ತಿ ಬರುವುದು ಹಾಗಿದ್ದಾಗಲೇ. ಮನುಷ್ಯನಿಗೆ ವಿಷಯ ಗೊತ್ತಿತ್ತು, ಅದು ನನ್ನನ್ನು ಇನ್ನಷ್ಟು ಉರಿಸಿತು. ಗೊತ್ತಿದ್ದೂ ಓದಿರಲಿಲ್ಲವಲ್ಲ.

ಅವಳು ಗುಂಡಿ ಒತ್ತಿದಳು. ಬೆಸ ಸಂಖ್ಯೆಗಳು ಬಂದವು, ಸಮ ಸಂಖ್ಯೆಗಳು ಬಂದವು. ನಿಂತಿತು. ಕರ್ಸರ್ ಮಿಟುಕುತ್ತಿತ್ತು.

“ನಿಂತ್ಕಂತಲ್ಲ,” ಎಂದರು ಪ್ರಿನ್ಸಿಪಾಲರು. ಅದರಲ್ಲಿ ಅವರಿಗೆ ಅರ್ಥವಾದದ್ದು ಅಷ್ಟೇ, ಸಾಕಾಗಿತ್ತು.

ಪರೀಕ್ಷಕರು ಪರದೆಯ ಸಂಖ್ಯೆಗಳನ್ನು ಬೆರಳಿಟ್ಟು ಎಣಿಸಿ, ಅವಳನ್ನು ಹೊರಗೆ ಕಳಿಸಿದರು. ಫೋನು ಬಡಿದುಕೊಂಡಿತು, ತೆಗೆಯಲಿಲ್ಲ. “ಸರಿ. ಆದ್ರೂ ಕೇಳಿದ್ ಹಂಗೆ ಬರ್ದಿಲ್ಲ. ಮ್ಯಾನ್ಯುಯಲ್‌ನಾಗೆ ಈ ಥರ ಇಲ್ಲ. ಪಾಸ್ ಹಾಕ್ತೀನಿ, ಹೋಗ್ಲಿ.” ಅಂಕಪಟ್ಟಿಯಲ್ಲಿ ಸೊನ್ನೆಯನ್ನು ಹೊಡೆದು ಹಾಕಿ ಪಾಸಿಗೆ ಎಷ್ಟು ಬೇಕೋ ಅಷ್ಟೇ ಬರೆದರು.

ನಾನು ಬಾಯಿ ತೆರೆದೆ. ಕೇಳಿದ ಹಾಗೆ ಬರೆದವಳು ಇವಳೊಬ್ಬಳೇ, ಪೂರ್ತಿ ಅಂಕ ತಗೊಂಡವರು ಪ್ರಶ್ನೆಯನ್ನೇ ಮಾಡಿಲ್ಲ, ಎಂದು ಹೇಳಬೇಕಿತ್ತು. ಹೇಳಿದ್ದರೆ ಆ ನಾಲ್ವರೂ ಹೋಗುತ್ತಿದ್ದರು. ಅಟ್ಟಕ್ಕೆ ಲೈಟ್ ಹಾಕುವುದಲ್ವಾ ಎಂದು ಕೇಳಿದ್ದನಲ್ಲ, ಅವನೂ ಅವರಲ್ಲಿದ್ದ. ಪಟ್ಟಿಯಲ್ಲಿ ಅವರ ಅಂಕ ಎಲ್ಲರಿಗಿಂತ ಮೇಲೆ, ಇವಳದು ಎಲ್ಲರಿಗಿಂತ ಕೆಳಗೆ. ಆ ಕ್ರಮಕ್ಕೆ ನಾನು ಸಹಿ ಹಾಕಿದೆ. ಸಹಿ ಎಷ್ಟು ಒತ್ತಿ ಹಾಕಿದ್ದೆನೆಂದರೆ ಹಾಳೆ ಹರಿಯಿತು ಎಂದು ನೆನಪು. ಬಹುಶಃ ಹರಿದಿರಲಿಕ್ಕಿಲ್ಲ.

ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ಕಾರಿಡಾರಿನಲ್ಲಿ ಕಾಯಿ ಕಟ್ಟಿದ ದಿನ, ಗಲಾಟೆಯ ನಡುವೆ, ‘ಸಾರ್, ಬಿಡಿಸಿದ ಕೂಡ್ಲೇ ಅದರ ಎಳೆ ಕಿತ್ತಾಕ್ಬಾರ್ದಾ?’ ಎಂದು ಒಂದು ಹೆಣ್ಣು ದನಿ ಕೇಳಿದ ಹಾಗೆ ನನಗೆ ನೆನಪಿದೆ. ನಾನು ಅದಕ್ಕೆ ಉತ್ತರ ಕೊಡದೆ ‘ಕೊನೇದಕ್ಕೆ ನಲ್ ಹಾಕ್ರಪ್ಪ’ ಎಂದು ಕೂಗಿದ ಹಾಗೂ ನೆನಪಿದೆ. ಅವಳು ಅದನ್ನು ನಿಜವಾಗಿ ಕೇಳಿದ್ದಳೋ, ಈ ಎಲ್ಲ ನಡೆದ ಮೇಲೆ ನಾನೇ ಆ ಮಾತನ್ನು ಹಿಂದಕ್ಕೆ ಒಯ್ದು ಅವಳ ಬಾಯಿಗಿಟ್ಟೆನೋ? ಪುಟದ ಕೊನೆಯಲ್ಲಿ ಇಲ್ಲದ ಸಾಲನ್ನು ಓದಿದವನ ಕಿವಿಯನ್ನು ನಂಬುವುದು ಹೇಗೆ?

ಅವತ್ತು ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಅವಳು ಗೇಟಿನ ಹತ್ತಿರ ಬ್ಯಾಗು ಹೆಗಲಿಗೇರಿಸಿಕೊಂಡು ನಿಂತಿದ್ದಳು.

“ಪಾಸಾಯ್ತಮ್ಮ,” ಎಂದೆ. ನನ್ನ ದನಿಯಲ್ಲಿ ಗೆದ್ದವನ ಧಾಟಿ ಇತ್ತೆಂದು ಕಾಣುತ್ತದೆ.

“ಎಷ್ಟು ಹಾಕಿದ್ರು?”

ಹೇಳಿದೆ. ಅವಳು ತಲೆ ತಗ್ಗಿಸಿ ಚಪ್ಪಲಿಯ ತುದಿಯಿಂದ ಒಂದು ಕಲ್ಲನ್ನು ಒದ್ದಳು.

“ಅವರಿಗೆಲ್ಲ ಪೂರ್ತಿ ಹಾಕಿದಾರೆ. ಗುಡ್ಡೆ ಹಾಕಿದವ್ರಿಗೆ.”

“ಗೊತ್ತು.”

“ಗೊತ್ತಿತ್ತಾ?” ಎಂದು ನನ್ನ ಮುಖ ನೋಡಿದಳು. ಸಿಟ್ಟು ಅಂದರೆ ಏನೆಂದು ಆಗ ನೋಡಿದೆ, ನನ್ನದು ಬರೀ ಗದ್ದಲವಾಗಿತ್ತು. “ನಾನು ಬರೆಯದೇ ಇರೋ ಲೈನಿಗೆ ಅಷ್ಟೊಂದು ಜಗಳ ಆಡುದ್ರಲ್ಲ. ಬರ್ದಿರೋದಕ್ಕೆ ಒಂದು ಮಾತು ಆಡ್ಲಿಲ್ಲ.”

ಅವಳು ಕಾಯಲಿಲ್ಲ. “ಟ್ರೈನಿಗೆ ಹೊತ್ತಾಯ್ತು, ಬತ್ತೀನಿ,” ಎಂದು ಸ್ಟೇಷನ್ ರಸ್ತೆಯ ಕಡೆ ಸರಸರನೆ ನಡೆದಳು.

ಆ ಮಾತಿನ ಕೊನೆಗೆ ‘ಸಾರ್’ ಎಂದಳೋ ಇಲ್ಲವೋ ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ. ಎಂದಿರಬಾರದು ಎಂದೇ ನನ್ನ ಆಸೆ.